ಮೈಕಮ್ಮನ ಮಗಳು ಮಾತಾಡಿದ ಸಭೆ

ಆ ಊರಿನಲ್ಲಿ ಯಾರೇ ನಾಲ್ಕು ಜನರ ಮುಂದೆ ನಿಂತು ಮಾತಾಡಬೇಕೆಂದರೂ ಮೊದಲು ಮೈಕಮ್ಮನ ಅಂಗಡಿಯ ಮೆಟ್ಟಿಲು ಹತ್ತಬೇಕಿತ್ತು. ಅಂಗಡಿ ಎಂದರೆ ದೊಡ್ಡದೇನಲ್ಲ, ಕ್ಷೌರದಂಗಡಿಗೂ ಟೈಲರ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಉದ್ದನೆಯ ಕೋಣೆ. ಅಟ್ಟದ ಮೇಲೆ ಧ್ವನಿವರ್ಧಕದ ಹಾರ್ನುಗಳನ್ನು ಒಂದರೊಳಗೊಂದು ಸೇರಿಸಿ ಮಲಗಿಸಿದ್ದರು. ಗೋಡೆಯ ಮೊಳೆಗಳಿಗೆ ವೈರಿನ ಸುರುಳಿಗಳು, ಕೆಳಗೆ ಸೌಂಡ್ ಪೆಟ್ಟಿಗೆಗಳು, ಅವುಗಳ ಮೇಲೆ ಹಳೆಯ ಬೆಡ್‌ಶೀಟು. ಬಾಡಿಗೆಗೆ ಕೇಳಲು ಬಂದವರು ಆ ಪೆಟ್ಟಿಗೆಗಳ ಮೇಲೆಯೇ ಕೂರಬೇಕು.

ಈ ಕಸುಬು ಮೊದಲು ಅವಳ ಗಂಡನದು. ಹಾರ್ನಿನ ಪಕ್ಕದಲ್ಲಿ ನಿಂತೂ ನಿಂತೂ ಅವನ ಕಿವಿ ಮಂದವಾಗುತ್ತ ಬಂದು, ಒಂದು ದಿನ ಪೂರ್ತಿ ಕೈಕೊಟ್ಟಿತು. ಅಂದಿನಿಂದ ಹೆಂಡತಿ ಮುಂದೆ ಬಂದಳು, ಗಂಡ ಹಿಂದೆ ಸರಿದ. ಆದರೂ ಅವನು ಮೂಲೆಗೆ ಕೂರಲಿಲ್ಲ. ಪ್ರತಿ ಸಭೆಗೂ ಹೋಗಿ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂರುವನು. ಮರದ ಅದುರುವಿಕೆಯಿಂದಲೇ ಸದ್ದು ಒರಟಾಗಿದೆಯೋ ಸರಿಯಾಗಿದೆಯೋ ಹೇಳುವನು. ಮಾತೇನೆಂದು ಮಾತ್ರ ಅಂಗೈಗೆ ತಿಳಿಯುತ್ತಿರಲಿಲ್ಲ. ಅದನ್ನು ಮನೆಗೆ ಬಂದ ಮೇಲೆ ಹೆಂಡತಿ ಕೈಸನ್ನೆಯಲ್ಲಿ, ತುಟಿ ಅಗಲಿಸಿ ಹೇಳಬೇಕಿತ್ತು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಊರಿನವರು ಮೈಕಮ್ಮ ಎಂದು ಕರೆದೂ ಕರೆದೂ ಈಗ ಆ ಹಳೆಯ ಹೆಸರಿನಿಂದ ಯಾರಾದರೂ ಕೂಗಿದರೆ ಅವಳು ತಿರುಗಿ ನೋಡುವುದೂ ಅನುಮಾನವಾಗಿತ್ತು.

ಕಸುಬನ್ನು ಕೈಗೆ ಕೊಡುವಾಗ ಗಂಡ ಒಂದೇ ಒಂದು ಕಟ್ಟುನಿಟ್ಟು ಹೇಳಿಕೊಟ್ಟಿದ್ದ. ಕೆಲಸಕ್ಕೆ ಕೂತಾಗ ಚಪ್ಪಾಳೆ ತಟ್ಟಬಾರದು, ತಲೆ ಆಡಿಸಬಾರದು, ಯಾರ ಮಾತಿಗೂ ನಗಬಾರದು. ಬೆಳಿಗ್ಗೆ ಒಂದು ಪಕ್ಷದವರು ಕರೆಯುತ್ತಾರೆ, ಮಧ್ಯಾಹ್ನ ಅವರನ್ನು ಬೈಯುವವರು ಕರೆಯುತ್ತಾರೆ. ಎರಡು ಕಡೆಗೂ ಒಂದೇ ಸದ್ದು ಕೊಡಬೇಕು. ಮೈಕಮ್ಮ ಇದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಎಂಥ ನಗೆಮಾತು ಬಂದರೂ ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡು ಕೂರುವಳು. ನಗುವುದಿದ್ದರೆ ಮನೆಗೆ ಬಂದು ಒಲೆಯ ಮುಂದೆ ನಗುವಳು.

ಇವರಿಗೆ ಒಬ್ಬಳೇ ಮಗಳು. ಓದಿ ಟೀಚರಾದಳು. ಮೈಕಮ್ಮ ನಾಲ್ಕು ಅಕ್ಷರ ಕೂಡಿಸಿ ಓದುವವಳು, ಅವಳಿಗೆ ಇದು ಮಗಳು ವಿಮಾನ ಹಾರಿಸಿದಷ್ಟೇ ದೊಡ್ಡ ಸಂಗತಿಯಾಗಿತ್ತು. ಆದರೆ ಕೆಲಸ ಖಾಯಂ ಅಲ್ಲ, ಗುತ್ತಿಗೆಯದು. ಖಾಯಂ ಟೀಚರು ಮಾಡುವ ಕೆಲಸವನ್ನೇ ಅವರ ಅರ್ಧಕ್ಕಿಂತ ಕಡಿಮೆ ಸಂಬಳಕ್ಕೆ ಮಾಡಬೇಕು. ವರ್ಷ ವರ್ಷವೂ ಶಾಲೆ ನಡೆಸುವ ಸಮಿತಿಯವರು ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಮನೆ. ಮಗಳು ಟ್ಯೂಷನ್ನೂ ಮುಗಿಸಿ ಸಂಜೆ ಮನೆಗೆ ಬರುವಾಗ ಗಂಟಲು ಕಟ್ಟಿರುತ್ತಿತ್ತು. ಉಪ್ಪುನೀರು ಮುಕ್ಕಳಿಸಿ, ಮಲಗುವ ತನಕ ಅಪ್ಪನ ಜೊತೆ ಸೇರಿಕೊಂಡು ಕೈಸನ್ನೆಯಲ್ಲೇ ಕಾಲ ಹಾಕುವಳು. ಇಬ್ಬರಿಗೂ ಬಲು ಹೊಂದಾಣಿಕೆ. ಒಬ್ಬರಿಗೆ ಕೇಳಿಸದು, ಇನ್ನೊಬ್ಬರಿಗೆ ಮಾತು ಹೊರಡದು, ಇಡೀ ಮನೆಯ ಮಾತನ್ನೆಲ್ಲ ನಾನೊಬ್ಬಳೇ ಆಡಿ ಮುಗಿಸಬೇಕು ಎಂದು ಮೈಕಮ್ಮ ಪಕ್ಕದ ಕ್ಷೌರಿಕನ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಆ ವರ್ಷ ಪರೀಕ್ಷೆಗೆ ಇನ್ನೂ ಸಮಯವಿರುವಾಗ ಟೀಚರುಗಳೆಲ್ಲ ಮುಷ್ಕರ ಹೂಡಿದರು. ಸಂಬಳ ಏರದೆ ವರ್ಷಗಳೇ ಆದವು, ಏರಿಸಿ; ಗುತ್ತಿಗೆಯವರಿಗೂ ನಮ್ಮಷ್ಟೇ ಕೊಡಿ; ಎರಡು ತರಗತಿಗಳನ್ನು ಒಂದೇ ಕೋಣೆಗೆ ತುಂಬಿದ್ದೀರಿ, ಬೇರೆ ಮಾಡಿ ಎಂಬುದು ಅವರ ಸಂಘದ ಬೇಡಿಕೆ. ದುಡ್ಡೆಲ್ಲಿದೆ ಎನ್ನುವುದು ಸಮಿತಿಯವರ ಉತ್ತರ. ಶಾಲೆಯ ಬಾಗಿಲಿಗೆ ಬೀಗ ಬಿತ್ತು. ಮಕ್ಕಳು ಬೀದಿಗೆ ಬಂದರು. ಊರಿನ ಬಾಯಿಗೆ ಬೇರೆ ವಿಷಯವೇ ಇಲ್ಲದಂತಾಯಿತು.

ಸಂಘದವರು ಮೊದಲ ಸಭೆಗೆ ಮೈಕಮ್ಮನನ್ನೇ ಕರೆದರು. ಅವರ ಕಾರ್ಯದರ್ಶಿಯನ್ನು ಊರೆಲ್ಲ ದೊಡ್ಡ ಟೀಚರ್ ಎನ್ನುತ್ತಿತ್ತು. ತಲೆ ನರೆತ, ಗಟ್ಟಿ ದನಿಯ ಹೆಂಗಸು. ಆಕೆ ಮಾತಾಡಿದ್ದನ್ನು ಕೇಳಿ ಮೈಕಮ್ಮನಿಗೆ ಹೌದಲ್ಲವೇ ಎನಿಸಿತು. ಎರಡು ದಿನ ಬಿಟ್ಟು ಮಕ್ಕಳ ತಂದೆತಾಯಿಗಳು ಸಭೆ ಸೇರಿದರು, ಅವರೂ ಮೈಕಮ್ಮನನ್ನೇ ಕರೆದರು. ಅಲ್ಲೊಬ್ಬ ಬಸ್ ಡ್ರೈವರ್ ಎದ್ದು, ನನಗೂ ಸಂಬಳ ಏರಿಲ್ಲ, ಹಾಗಂತ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ನೀವು ನಡೆದುಕೊಂಡು ಹೋಗಿ ಅಂದಿದ್ದೀನಾ ಎಂದು ಕೇಳಿದ. ಅದಕ್ಕೂ ಮೈಕಮ್ಮನಿಗೆ ಹೌದಲ್ಲವೇ ಎನಿಸಿತು. ತಿಂಗಳುಗಟ್ಟಲೆ ರಜೆ ಬೇರೆ ಯಾರಿಗಿದೆ ಎಂದು ಇನ್ನೊಬ್ಬಳು ಕೇಳಿದಳು. ಅದೂ ಹೌದು. ಅಂದು ಮನೆಗೆ ಬಂದು ಗಂಡನಿಗೆ ಎರಡೂ ಕಡೆಯದನ್ನು ಸನ್ನೆಯಲ್ಲಿ ಹೇಳುತ್ತ ಹೇಳುತ್ತ ಅವಳ ಕೈಗಳೇ ಒಂದಕ್ಕೊಂದು ತೊಡರಿಕೊಂಡವು.

ಅಲ್ಲಿಂದ ಅವಳಿಗೆ ಒಂದು ಹುಳ ಹೊಕ್ಕಿತು. ತನ್ನ ಕಸುಬಿನಲ್ಲಿ ಬಾಡಿಗೆಗೆ ಒಂದು ಅಳತೆ ಇದೆ: ಎಷ್ಟು ಹೊತ್ತು, ಎಷ್ಟು ಪೆಟ್ಟಿಗೆ, ಎಷ್ಟು ದೂರ. ಹಾಗಿದ್ದರೆ ಟೀಚರ ಕೆಲಸವನ್ನು ಯಾವುದರಲ್ಲಿ ಅಳೆಯುತ್ತಾರೆ? ಯಾರೂ ಈ ಪ್ರಶ್ನೆಯನ್ನು ವೇದಿಕೆಯ ಮೇಲೆ ಎತ್ತಿರಲಿಲ್ಲ. ಸರಿ, ತಾನೇ ಕೇಳಿ ನೋಡೋಣವೆಂದು ಅವಳು ಹೊರಟಳು.

ಕ್ಷೌರಿಕನದು ಸಲೀಸು ಉತ್ತರ, ತಲೆಗಿಷ್ಟು. ತರಗತಿಯಲ್ಲಿ ಎಷ್ಟು ತಲೆಯೋ ಅಷ್ಟು ಕೂಲಿ. ಹಾಗಾದರೆ ಜಾಸ್ತಿ ಮಕ್ಕಳನ್ನು ತುಂಬಿಕೊಂಡವರಿಗೆ ಲಾಭವಲ್ಲವೇ ಎಂದು ಮೈಕಮ್ಮ ಕೇಳಿದಾಗ ಅವನು ಕತ್ತರಿ ನಿಲ್ಲಿಸಿದ. ಕುರ್ಚಿಯಲ್ಲಿ ಅರ್ಧ ತಲೆ ಕೊಟ್ಟು ಕೂತಿದ್ದ ಗಿರಾಕಿ, ಮೊದಲು ನನ್ನದು ಮುಗಿಸು ಮಾರಾಯ, ಆಮೇಲೆ ಟೀಚರುಗಳದು ಎಂದು ಗೊಣಗಿದ. ಟೈಲರ್ ಪೀಸಿನ ಲೆಕ್ಕ ಹೇಳಿದ, ಪಾಸಾದ ಹುಡುಗನಿಗಿಷ್ಟು ಅಂತ. ಬಟ್ಟೆಯೇ ಹರಿದಿದ್ದು ಬಂದರೆ ಎಂದಳು ಮೈಕಮ್ಮ. ಹರಿದ ಬಟ್ಟೆ ಹೊಲಿಯೋದಕ್ಕೆ ಜಾಸ್ತಿ ತಗೋತೀನಿ ಎಂದ ಟೈಲರ್, ಹೇಳಿದ ಮೇಲೆ ತಾನೇ ಯೋಚನೆಗೆ ಬಿದ್ದ. ಆಸ್ಪತ್ರೆಯ ಆಯಾ ಮಾತ್ರ ಬೇರೆ ತರ ಹೇಳಿದಳು. ನಮ್ಮಲ್ಲಿ ರೋಗಿ ವಾಸಿಯಾದರೂ ಅದೇ ಸಂಬಳ, ಸತ್ತರೂ ಅದೇ ಸಂಬಳ, ಕೆಲಸ ಮಾತ್ರ ಎರಡಕ್ಕೂ ಒಂದೇ. ಹೀಗೆ ಒಬ್ಬೊಬ್ಬರು ತಮ್ಮ ತಮ್ಮ ಅಳತೆಗೋಲನ್ನೇ ತಂದು ಹಿಡಿದರು, ಯಾವುದೂ ಟೀಚರ ಮೈಗೆ ಸರಿಹೊಂದಲಿಲ್ಲ. ಕೊನೆಗೆ ಮಗಳನ್ನೇ ಕೇಳಿದಳು. ಮುಷ್ಕರದಿಂದ ಗಂಟಲಿಗೆ ಬಿಡುವು ಸಿಕ್ಕಿ ಮಗಳ ದನಿ ಎಷ್ಟೋ ದಿನಗಳ ಮೇಲೆ ತಿಳಿಯಾಗಿತ್ತು.

"ನಂಗೂ ಗೊತ್ತಿಲ್ಲಮ್ಮ" ಎಂದಳು ಅವಳು. "ಗೊತ್ತಿದ್ದಿದ್ರೆ ಇಷ್ಟೊತ್ತಿಗೆ ಮುಷ್ಕರ ಮುಗೀತಿತ್ತು."

ಹೀಗಿರುವಾಗ, ಎರಡು ಕಡೆಯವರೂ ಬೇರೆ ಬೇರೆ ಕೂಗಾಡುವ ಬದಲು ಊರೆದುರಿಗೆ ಒಟ್ಟಿಗೆ ಕೂತು ಮಾತಾಡಲಿ ಎಂದು ನಿಶ್ಚಯವಾಯಿತು. ಭಾನುವಾರ ಬೆಳಿಗ್ಗೆ, ಪುರಭವನದಲ್ಲಿ. ಮೈಕಿನ ಖರ್ಚು ಸಂಘದ್ದೂ ಸಮಿತಿಯದ್ದೂ ಅರ್ಧರ್ಧ. ಅದನ್ನು ಹೇಳಲು ಸಮಿತಿಯ ಅಧ್ಯಕ್ಷರೇ ಅಂಗಡಿಗೆ ಬಂದರು. ಮರದ ವ್ಯಾಪಾರದ ಮನುಷ್ಯ, ಮಾತು ಮೃದು. ಪೆಟ್ಟಿಗೆಯ ಮೇಲೆ ಕೂತು ಚಹಾ ಕುಡಿದರು. ಗಂಡನ ಕಿವಿಯ ವಿಷಯ ವಿಚಾರಿಸಿದರು. ಮೈಕಮ್ಮನ ಸೌಂಡ್ ಇದ್ದರೆ ತಮಗೆ ಧೈರ್ಯ ಎಂದರು. ಲೋಟ ಕೆಳಗಿಟ್ಟು ಏಳುವಾಗ ಬಂದ ನಿಜವಾದ ವಿಷಯ ಹೇಳಿದರು.

"ಗುತ್ತಿಗೆಯವ್ರೂ ವೇದಿಕೆ ಹತ್ತುತಾರೆ ಅಂತ ಸುದ್ದಿ. ಖಾಯಂ ಇರೋರು ಏನಾದ್ರೂ ಮಾತಾಡ್ಲಿ, ನಾವೇನೂ ಮಾಡೋಕಾಗಲ್ಲ. ಆದ್ರೆ ಗುತ್ತಿಗೆಯವ್ರು ಸಮಿತಿ ಎದುರಿಗೆ ನಿಂತು ಮಾತಾಡಿದ್ರೆ, ಮುಂದಿನ ವರ್ಷ ಅವ್ರನ್ನ ತಗೊಳ್ಳಿ ಅಂತ ನಾನು ಯಾವ ಮುಖ ಇಟ್ಕೊಂಡು ಹೇಳಲಿ? ನಿಮ್ಮ ಮಗಳು ಜಾಣೆ ಮೈಕಮ್ಮ. ನೀವೂ ಜಾಣರು."

ಬೆದರಿಕೆ ಎನ್ನುವಂತಿರಲಿಲ್ಲ, ಹಿತವಚನ ಎನ್ನುವಂತೆಯೂ ಇರಲಿಲ್ಲ. ಅವರು ಹೋದ ಮೇಲೆ ಮೈಕಮ್ಮ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಅಂದು ಸಂಜೆ ಮಗಳು ಅಕ್ಕಿ ಆರಿಸುತ್ತ ಕೂತಿದ್ದಾಗ, ಭಾನುವಾರ ನಾನೂ ಮಾತಾಡ್ತೀನಮ್ಮ ಎಂದಳು. ಮೈಕಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಅವಳೆದುರು ಕೂತಳು. ಅಧ್ಯಕ್ಷರು ಹೇಳಿ ಹೋದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಮಗಳು ಕೇಳಿಸಿಕೊಂಡು ಮೊರದ ಅಕ್ಕಿಯನ್ನು ಮತ್ತೊಮ್ಮೆ ಕೇರಿದಳು. ಅಷ್ಟೇ.

"ಖಾಯಂ ಇರೋರಿಗೆಲ್ಲ ಬಾಯಿ ಬಿದ್ದು ಹೋಗಿದ್ಯಾ?" ಎಂದಳು ತಾಯಿ. "ಆ ದೊಡ್ಡ ಟೀಚರ್ ಲೆಕ್ಕಾಚಾರ ನಂಗೆ ಗೊತ್ತಾಗಲ್ವಾ? ಅವಳ ಕೆಲಸ ಕಲ್ಲಿನಂಗೆ ಗಟ್ಟಿ. ಹೋದ್ರೆ ನಿಂದು ಹೋಗ್ಲಿ ಅಂತ ನಿನ್ನ ಮುಂದೆ ಬಿಡ್ತಾಳೆ."

"ಹಾಗಲ್ಲಮ್ಮ."

"ಮತ್ತೆ ಹೇಗೆ?"

ಅಪ್ಪ ಇಬ್ಬರ ತುಟಿಗಳನ್ನೂ ಸರದಿಯಂತೆ ನೋಡುತ್ತಿದ್ದ. ಕೊನೆಗೆ ಮಗಳ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿ, ಹೆಂಡತಿಯ ಮುಖ ಕಂಡು ಅದೇ ಬೆರಳಿನಿಂದ ಮೂಗು ತುರಿಸಿಕೊಂಡ.

ಭಾನುವಾರ ಪುರಭವನ ತುಂಬಿ ಬಾಗಿಲಾಚೆಗೂ ಜನ ನಿಂತಿದ್ದರು. ಉದ್ದನೆಯ ಹಾಲ್, ಎತ್ತರದ ತಾರಸಿ, ಗೋಡೆಯಲ್ಲಿ ಪಾರಿವಾಳಗಳ ಗೂಡು. ಸದ್ದು ಸುಲಭಕ್ಕೆ ಬಗ್ಗದ ಜಾಗ ಅದು. ಮುಂದೆ ಎರಡು ಪೆಟ್ಟಿಗೆ, ನಡುವೆ ಎರಡು, ಹೊರಗಿನವರಿಗೆಂದು ಒಂದು ಹಾರ್ನು. ವೇದಿಕೆಯ ಬಲಪಕ್ಕದಲ್ಲಿ ಸಣ್ಣ ಮೇಜು, ಅದರ ಮೇಲೆ ಆಂಪ್ಲಿಫೈಯರ್, ಅದರ ಹಿಂದೆ ಮೈಕಮ್ಮ. ಮುಂದಿನ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಗಂಡ, ಅಂಗೈ ಪೆಟ್ಟಿಗೆಯ ಮೇಲೆ.

ಅಧ್ಯಕ್ಷರು ಮೊದಲು ಮಾತಾಡಿದರು. ಶಾಲೆಯ ಮಾಡು ಸೋರುವುದನ್ನು ಹೇಳಿದರು. ಸಂಬಳ ಏರಿಸಿದರೆ ಮಾಡು ಹಾಗೇ ಉಳಿಯುತ್ತದೆ, ಮಾಡು ಹೊದಿಸಿದರೆ ಸಂಬಳ ಹಾಗೇ ಉಳಿಯುತ್ತದೆ, ಎರಡೂ ಬೇಕೆಂದರೆ ನಿಮ್ಮ ಮೇಲೇ ವಂತಿಗೆ ಬೀಳುತ್ತದೆ, ಒಪ್ಪುತ್ತೀರಾ ಎಂದರು. ಯಾರೂ ಒಪ್ಪಿದಂತೆ ಕಾಣಲಿಲ್ಲ. ದೊಡ್ಡ ಟೀಚರ್ ಎದ್ದು, ಮಾಡು ಸೋರುವಾಗ ಕೆಳಗೆ ಬಕೆಟ್ ಇಟ್ಟು ಪಾಠ ಮಾಡಿದವರು ನಾವೇ, ಅದಕ್ಕೆ ಬೇರೆ ಕೂಲಿ ಕೇಳಲಿಲ್ಲ ಎಂದಾಗ ಹಿಂದಿನಿಂದ ಶಿಳ್ಳೆ ಬಿತ್ತು. ನಿವೃತ್ತ ಗುಮಾಸ್ತರೊಬ್ಬರು ತಮ್ಮ ಕಾಲದ ಮೇಷ್ಟ್ರುಗಳ ಗುಣಗಾನಕ್ಕಿಳಿದು, ಅವರು ಸಂಬಳದ ಮಾತೇ ಎತ್ತುತ್ತಿರಲಿಲ್ಲ ಎಂದರು. ಅದಕ್ಕೇ ಅವರ ಹೆಂಡ್ತಿ ನಮ್ಮಪ್ಪನ ಅಂಗಡೀಲಿ ಸಾಲ ಎತ್ತುತಿದ್ರು ಎಂದು ಯಾರೋ ಕೂತಲ್ಲಿಂದಲೇ ಸೇರಿಸಿದರು. ಸಭೆಯೆಲ್ಲ ಹೋ ಎಂದು ನಕ್ಕಿತು. ಮೈಕಮ್ಮ ಕೆನ್ನೆ ಕಚ್ಚಿಕೊಂಡಳು. ಬಸ್ ಡ್ರೈವರ್ ಈ ಸಲವೂ ಎದ್ದ. ಅವನ ಮಾತಿನಲ್ಲಿ ಕೋಪಕ್ಕಿಂತ ದಣಿವೇ ಹೆಚ್ಚಿತ್ತು. ನನ್ನ ಮಗ ಬೀದಿ ಅಲೆಯುತ್ತಿದ್ದಾನೆ, ನಾನು ಡ್ಯೂಟಿ ಬಿಟ್ಟು ಅವನನ್ನು ಕಾಯಲಾ ಎಂದು ಕೇಳಿ ಕೂತ.

ಆಮೇಲೆ ಮಗಳ ಸರದಿ ಬಂತು.

ಅವಳು ಮೈಕಿನ ಮುಂದೆ ಬಂದು ನಿಂತಾಗ ಅಧ್ಯಕ್ಷರು ಅವಳನ್ನು ನೋಡಲಿಲ್ಲ. ಮೇಜಿನ ಹಿಂದಿದ್ದ ತಾಯಿಯನ್ನು ನೋಡಿದರು. ಮಗಳು ಓದಿದ ವರ್ಷಗಳು, ಮೊದಲ ದಿನ ಶಾಲೆಗೆ ಹೊರಟಾಗ ಉಟ್ಟಿದ್ದ ಸೀರೆ, ಎಲ್ಲ ಒಟ್ಟೊಟ್ಟಿಗೆ ಮೈಕಮ್ಮನ ಕಣ್ಣಿಗೆ ಕಟ್ಟಿದವು. ಅವಳ ಕೈ ತಾನಾಗಿಯೇ ಆಂಪ್ಲಿಫೈಯರಿನ ಗುಂಡಿಯ ಮೇಲೆ ಹೋಯಿತು. ಇಷ್ಟು ವರ್ಷ ಸಭೆ ನೋಡಿದವಳಿಗೆ ಒಂದು ಮಾತು ಖಾತ್ರಿಯಾಗಿ ಗೊತ್ತಿತ್ತು. ಸದ್ದು ಹೋದರೆ ಜನ ಕೆಡುತ್ತಾರೆ. ಕೇಳಿಸ್ತಿಲ್ಲ ಎಂದು ಕೂಗುತ್ತಾರೆ, ಅಕ್ಕಪಕ್ಕದವರ ಜೊತೆ ಹರಟೆಗೆ ಬೀಳುತ್ತಾರೆ. ಮಾತಾಡುವವರು ಮೈಕನ್ನು ಕುಟ್ಟಿ ಕುಟ್ಟಿ ನೋಡಿ, ಮುಖ ಸಣ್ಣದು ಮಾಡಿಕೊಂಡು ಇಳಿದು ಹೋಗುತ್ತಾರೆ. ಇವತ್ತು ಮಗಳೂ ಇಳಿದು ಹೋಗಲಿ. ಅವಳ ಮಾತು ಯಾರಿಗೂ ಕೇಳದಿದ್ದರೆ ಅವಳು ಮಾತಾಡಿದಳೆಂದು ಯಾರು ಹೇಳುತ್ತಾರೆ?

ಮಗಳು ಎಲ್ಲರಿಗೂ ನಮಸ್ಕಾರ ಹೇಳಿ ಮೊದಲ ಮಾತು ಮುಗಿಸುವಷ್ಟರಲ್ಲಿ ಮೈಕಮ್ಮ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದಳು. ಕೆಟ್ಟು ನಿಂತಂತೆ ಕಾಣಬೇಕು, ಯಾರೋ ಇಳಿಸಿದಂತೆ ಕಾಣಬಾರದು. ಪೂರ್ತಿ ಇಳಿಸಿದ ಮೇಲೆ ವೈರು ನೋಡುವವಳಂತೆ ಬಗ್ಗಿದಳು.

ಅವಳು ಎಣಿಸಿದಂತೆಯೇ ಹಿಂದಿನಿಂದ ಕೂಗು ಎದ್ದಿತು. ಕುರ್ಚಿಗಳು ಕರಕರ ಎಂದವು. ಮಗಳು ಮೈಕನ್ನು ಕುಟ್ಟಲಿಲ್ಲ. ಒಮ್ಮೆ ಮೇಜಿನ ಕಡೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ವೇದಿಕೆಯ ಮೆಟ್ಟಿಲಿಳಿದು ಕುರ್ಚಿಗಳ ನಡುವಿನ ಓಣಿಯಲ್ಲಿ ನಡೆದು, ಹಾಲಿನ ಅರ್ಧಕ್ಕೆ ಬಂದು ನಿಂತಳು. ಗದ್ದಲ ಇನ್ನೂ ಇತ್ತು. ಅವಳು ಏರುದನಿ ಮಾಡಲಿಲ್ಲ. ಪಕ್ಕದ ಎರಡು ಸಾಲಿಗೆ ಮಾತ್ರ ಕೇಳುವಂತೆ, ತೀರ ಮೆಲ್ಲಗೆ ಮಾತು ಶುರು ಮಾಡಿದಳು. ಆ ಎರಡು ಸಾಲು ಕಿವಿಗೊಟ್ಟವು. ಅವರ ಹಿಂದಿನವರು ಇವರನ್ನು ನೋಡಿ ಬಗ್ಗಿದರು. ಶ್ ಎನ್ನುವ ಸದ್ದು ಒಬ್ಬರಿಂದೊಬ್ಬರಿಗೆ ದಾಟಿ ಬಾಗಿಲ ತನಕ ಹೋಯಿತು. ನೋಡ ನೋಡುತ್ತಿದ್ದಂತೆ ಪಾರಿವಾಳ ರೆಕ್ಕೆ ಬಡಿದರೂ ಕೇಳುವಷ್ಟು ನಿಶ್ಶಬ್ದ.

ಮೈಕಮ್ಮ ಬಗ್ಗಿದಲ್ಲಿಂದ ತಲೆ ಎತ್ತಿದಳು. ಇಂಥದನ್ನು ಅವಳು ಕಂಡಿರಲಿಲ್ಲ. ಸದ್ದು ಹೆಚ್ಚಿಸಿದರೆ ಜನ ಸುಮ್ಮನಾಗುತ್ತಾರೆ ಎಂಬುದು ಅವಳ ಜೀವಮಾನದ ಲೆಕ್ಕ. ಇವಳಿಗೆ ಇದನ್ನು ಯಾರು ಕಲಿಸಿದರು, ಯಾವಾಗ ಕಲಿತಳು? ಮಗಳು ಪಾಠ ಮಾಡುವುದನ್ನು ತಾನು ಒಮ್ಮೆಯೂ ಕೇಳಿಲ್ಲವೆಂಬುದು ಆಗ ಅವಳಿಗೆ ಹೊಳೆಯಿತು. ಊರಿನಲ್ಲಿ ಮಾತಾಡಿದವರನ್ನೆಲ್ಲ ಕೇಳಿದ್ದಾಳೆ, ಹೆತ್ತ ಮಗಳೊಬ್ಬಳನ್ನು ಬಿಟ್ಟು.

ಮಗಳು ಹೇಳುತ್ತಿದ್ದುದು ಸಣ್ಣ ಸಂಗತಿಗಳು. ಎರಡು ತರಗತಿ ಒಂದೇ ಕೋಣೆಯಲ್ಲಿ ಕೂತಿರುವುದು, ಹಿಂದಿನ ಬೆಂಚಿನ ತನಕ ದನಿ ಮುಟ್ಟಿಸಿ ಮುಟ್ಟಿಸಿ ಮಧ್ಯಾಹ್ನದ ಹೊತ್ತಿಗೆ ಗಂಟಲು ಒಡೆಯುವುದು. ಆಮೇಲೆ ಹೇಳಿದಳು:

"ನನ್ನ ಸಂಬಳ ಸಾಲಲ್ಲ. ಅದಕ್ಕೆ ಸಂಜೆ ಟ್ಯೂಷನ್‌ಗೆ ಹೋಗ್ತೀನಿ. ಇಲ್ಲಿ ಕೂತಿರೋ ಕೆಲವ್ರ ಮನೆಗೇ ಬರ್ತೀನಿ. ತರಗತೀಲಿ ಆ ಮಗುಗೆ ಏನು ಹೇಳ್ಕೊಡೋಕೆ ಆಗಲಿಲ್ವೋ ಅದನ್ನೇ ನಿಮ್ಮ ಮನೇಲಿ ಕೂತು ಹೇಳ್ಕೊಡ್ತೀನಿ. ಅದಕ್ಕೆ ದುಡ್ಡು ತಗೋತೀನಿ. ಇದು ಸರೀನಾ? ನಂಗಂತೂ ಸರಿ ಅನ್ಸಲ್ಲ. ಬಿಡೋಕೂ ಆಗ್ತಿಲ್ಲ."

ಟ್ಯೂಷನ್ ಹೇಳಿಸಿಕೊಳ್ಳುವ ಮನೆಯವರು ತಮ್ಮ ತಮ್ಮ ಕೈ ನೋಡಿಕೊಂಡರು. ಬಸ್ ಡ್ರೈವರ್ ಕೂತಲ್ಲಿಂದಲೇ ಕೇಳಿದ, "ಹಾಗಾದ್ರೆ ಟ್ಯೂಷನ್ ಇಲ್ದೋರ ಗತಿ? ನನ್ನ ಮಗ?"

"ನಿಮ್ಮ ಮಗ ಹಿಂದಿನ ಬೆಂಚಲ್ಲಿ ಕೂರ್ತಾನೆ" ಎಂದಳು ಅವಳು. "ಚೆನ್ನಾಗಿ ಚಿತ್ರ ಬರೀತಾನೆ. ಭಾಗಾಕಾರ ಬರಲ್ಲ. ಕೂರಿಸ್ಕೊಂಡು ಹೇಳ್ಕೊಡಬೇಕು ಅಂತ ದಿನಾ ಅನ್ಕೋತೀನಿ. ದಿನಾ ಗಂಟೆ ಹೊಡೆದುಬಿಡುತ್ತೆ."

ಮಗಳು ಮುಂದುವರಿಸಿದಳು. ಆದರೆ ಮೈಕಿಲ್ಲದೆ ಅಷ್ಟು ದೊಡ್ಡ ಹಾಲಿಗೆ ಮಾತು ಮುಟ್ಟಿಸಬೇಕಲ್ಲ, ಹಿಂದಿನವರಿಗೂ ಕೇಳಲೆಂದು ದನಿ ಏರಿಸಿದ ಕೂಡಲೇ ಅದು ಒಡೆಯಿತು. ಗಂಟಲು ಸರಿಮಾಡಿಕೊಂಡಳು. ಮತ್ತೆ ಒಡೆಯಿತು. ಮನೆಯಲ್ಲಿ ಸಂಜೆ ಕೇಳುತ್ತಿದ್ದ ಆ ಹರಕು ದನಿ ಎಲ್ಲಿ ತಯಾರಾಗುತ್ತಿತ್ತೆಂಬುದು ಮೈಕಮ್ಮನ ಕಣ್ಣೆದುರಿಗೇ ನಡೆಯುತ್ತಿತ್ತು.

ಅದೇ ಹೊತ್ತಿಗೆ ಗಂಡ ಪೆಟ್ಟಿಗೆಯಿಂದ ಕೈ ತೆಗೆದು ಹೆಂಡತಿಯ ಕಡೆ ತಿರುಗಿದ. ಕಿವಿ ಕೇಳದವರಿಗೆ ತಮ್ಮ ದನಿಯ ಅಂದಾಜಿರುವುದಿಲ್ಲ. ಗುಟ್ಟಾಗಿ ಹೇಳಿದೆನೆಂದುಕೊಂಡು ಇಡೀ ಹಾಲಿಗೆ ಕೇಳುವಂತೆ ಹೇಳಿದ:

"ಪೆಟ್ಟಿಗೇಲಿ ಜೀವ ಇಲ್ಲ ಕಣೇ. ಮಗು ಏನೋ ಹೇಳ್ತಿದೆ. ನಂಗೆ ಗೊತ್ತಾಗ್ತಿಲ್ಲ."

ಮೈಕಮ್ಮನ ಮುಖ ಕಾವೇರಿತು. ಅವನ ಕಣ್ಣು ಗುಂಡಿಯ ಮೇಲಿತ್ತು. ಈ ಕಸುಬನ್ನು ಕಲಿಸಿದವನಿಗೆ ಗುಂಡಿ ಎಲ್ಲಿ ನಿಂತಿದೆ ಎಂದು ದೂರದಿಂದಲೇ ತಿಳಿಯುತ್ತಿತ್ತು. ಅವನು ಬೈಯಲಿಲ್ಲ. ಅಂಗೈಯನ್ನು ಮತ್ತೆ ಪೆಟ್ಟಿಗೆಯ ಮೇಲಿಟ್ಟು ಕಾಯತೊಡಗಿದ.

ಅವಳು ಗುಂಡಿಯನ್ನು ಮೊದಲಿದ್ದಲ್ಲಿಗೆ ತಿರುಗಿಸಿದಳು. ಅಷ್ಟರಿಂದಲೇ ಏನೂ ಆಗುವಂತಿರಲಿಲ್ಲ, ಮೈಕು ವೇದಿಕೆಯ ಮೇಲಿತ್ತು, ಮಗಳು ಹಾಲಿನ ನಡುವೆ ಇದ್ದಳು. ಮಗಳನ್ನು ವಾಪಸು ಕರೆಯಬಹುದಿತ್ತು. ಯಾರ ಕೈಯಲ್ಲಾದರೂ ಮೈಕು ಕಳಿಸಬಹುದಿತ್ತು. ಮೈಕಮ್ಮ ಎದ್ದಳು. ಸ್ಟ್ಯಾಂಡಿನಿಂದ ಮೈಕು ಕಳಚಿ, ಮೂಲೆಯಲ್ಲಿದ್ದ ವೈರಿನ ಸುರುಳಿ ಬಿಚ್ಚಿ ಜೋಡಿಸಿ, ಹೆಗಲಿಗೆ ಹಾಕಿಕೊಂಡು, ಒಂದೊಂದೇ ಸುತ್ತು ಬಿಡುತ್ತ ಓಣಿಯಲ್ಲಿ ನಡೆದಳು. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರ ಕುರ್ಚಿಯ ಮುಂದೆ ಹಾಯುವಾಗ ಅವರ ಕಾಲಿಗೆ ವೈರು ಸಿಕ್ಕಿಕೊಂಡಿತು. ಸ್ವಲ್ಪ ಕಾಲು ಎತ್ತಿ ಸ್ವಾಮಿ ಎಂದಳು. ಅವರು ಎತ್ತಿದರು.

ಮಗಳ ಪಕ್ಕದಲ್ಲಿ ನಿಂತು ಅವಳ ಬಾಯಿಯ ಹತ್ತಿರ ಮೈಕು ಹಿಡಿದಳು. ಮಗಳು ತಾಯಿಯ ಕೈಯಿಂದ ಅದನ್ನು ತೆಗೆದುಕೊಳ್ಳಲು ನೋಡಿದಳು, ತಾಯಿ ಬಿಡಲಿಲ್ಲ. ಮಗಳು ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸುವ ತನಕ ಹಾಗೇ ಹಿಡಿದುಕೊಂಡು ನಿಂತಳು. ಈ ಊರಿನಲ್ಲಿ ಮೈಕಮ್ಮ ಯಾರ ಪರವಾಗಿಯೂ ಒಂದು ಬೆರಳು ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಇಡೀ ಕೈ ಎತ್ತಿ ಹಿಡಿದದ್ದನ್ನು ಅಂದು ಎಲ್ಲರೂ ಕಂಡರು, ಸಮಿತಿಯವರೂ ಕಂಡರು.

ಜನ ಕರಗಿದ ಮೇಲೆ ತಾಯಿ ಮಗಳು ಖಾಲಿ ಪುರಭವನದಲ್ಲಿ ವೈರು ಸುತ್ತುತ್ತಿದ್ದರು. ಒಬ್ಬರು ಎಳೆದುಕೊಡುವುದು, ಇನ್ನೊಬ್ಬರು ಅಂಗೈಯಿಂದ ಮೊಣಕೈಗೆ ಸುತ್ತಿಕೊಳ್ಳುವುದು.

"ಇಳಿಸಿದ್ದು ನೀನೇ ಅಲ್ವಾ?" ಎಂದಳು ಮಗಳು.

"ಹೂಂ."

"ಯಾಕೆ ಅಂತ ಕೇಳಲ್ಲ."

"ಕೇಳ್ಬೇಡ."

ಎರಡು ಸುತ್ತು ವೈರು ಹೋಯಿತು. "ಇನ್ನೊಂದು ಸಲ ಹೀಗೆ ಮಾಡಿದ್ರೆ ಸಂಘದವ್ರಿಗೆ ಹೇಳಿ ಬೇರೆ ಮೈಕಿನವ್ರನ್ನ ಕರೆಸ್ತೀನಿ" ಎಂದಳು ಮಗಳು. ಒಡೆದ ದನಿಯಲ್ಲಿ ಅದು ಸಿಟ್ಟೋ ನಗೆಯೋ ತಿಳಿಯಲಿಲ್ಲ. ಮೈಕಮ್ಮನಿಗೆ ಕೇಳುವ ಧೈರ್ಯವೂ ಆಗಲಿಲ್ಲ.

ಆಮೇಲಿನ ದಿನಗಳು ಅವಳಿಗೆ ಮುಳ್ಳಿನ ಮೇಲೆ ಕೂತಂತೆ ಕಳೆದವು. ಮಾತುಕತೆ ನಡೆಯುತ್ತಿದೆ ಎಂದು ಬೆಳಿಗ್ಗೆ ಸುದ್ದಿ ಬರುವುದು, ಮುರಿದುಬಿತ್ತು ಎಂದು ಮಧ್ಯಾಹ್ನ ಬರುವುದು. ಒಂದು ದಿನ ಎಲ್ಲ ಮುಗಿಯಿತು, ನಾಳೆ ಶಾಲೆ ತೆರೆಯುತ್ತದೆ ಎಂದರು. ನಾಳೆ ತೆರೆಯಲಿಲ್ಲ. ನಾಡಿದ್ದೂ ತೆರೆಯಲಿಲ್ಲ. ಊರು ಈಗ ಬಹಿರಂಗವಾಗಿಯೇ ಟೀಚರುಗಳನ್ನು ಬೈಯತೊಡಗಿತು. ಕೊಟ್ಟಿದ್ದು ಸಾಲದಂತೆ, ದುರಾಸೆಗೆ ಮಿತಿಯೇ ಇಲ್ಲವಂತೆ. ಕ್ಷೌರಿಕನೂ ಅದನ್ನೇ ಹೇಳಿದ. ಮೈಕಮ್ಮನಿಗೂ ಒಳಗೊಳಗೇ ಹಾಗೆಯೇ ಅನಿಸಿತು, ಮಗಳ ಮುಂದೆ ಬಾಯಿ ಬಿಡಲಿಲ್ಲ.

ಮುಷ್ಕರ ನಿಜವಾಗಿ ಮುಗಿದ ಸಂಜೆ ದೊಡ್ಡ ಟೀಚರ್ ಬಾಡಿಗೆಯ ಬಾಕಿ ಕೊಡಲು ಅಂಗಡಿಗೆ ಬಂದಳು. ಪೆಟ್ಟಿಗೆಯ ಮೇಲೆ ಕೂತು ಉಸ್ಸೆಂದಳು. ಹತ್ತಿರದಿಂದ ನೋಡಿದರೆ ಆಕೆಯೂ ಬಡಕಲಾಗಿದ್ದಳು. ಮೈಕಮ್ಮನಿಗೆ ತಡೆಯಲಾಗಲಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ಹೋದ್ರೆ ಇವಳ ಕೆಲಸ ತಾನೇ ಹೋಗೋದು ಅಂತ ನನ್ನ ಮಗಳನ್ನ ಮುಂದೆ ಬಿಟ್ರಾ?"

ದೊಡ್ಡ ಟೀಚರ್ ಅವಳ ಕಡೆ ತಿರುಗಿ ಕೂತಳು. "ನಾನು ಬೇಡ ಅಂದೆ ಅಮ್ಮಾ. ಎರಡು ಸಲ ಬೇಡ ಅಂದೆ. ಗುತ್ತಿಗೆಯವ್ರ ಕಷ್ಟ ಗುತ್ತಿಗೆಯವ್ರೇ ಹೇಳ್ಬೇಕು, ನೀವು ಹೇಳಿದ್ರೆ ಅದು ಕಥೆ ಆಗುತ್ತೆ ಅಂತ ಅವಳೇ ಹಟ ಹಿಡಿದ್ಲು. ಯಾರ ತರ ಬಂದಿದೆಯೋ ಆ ಹಟ."

ಆಮೇಲೆ ವಿಷಯ ಬಿಚ್ಚಿ ಹೇಳಿದಳು. ಕೇಳಿದ್ದರಲ್ಲಿ ಅರ್ಧದಷ್ಟು ಸಂಬಳ ಏರಿಸಲು ಸಮಿತಿ ಒಪ್ಪಿತ್ತು. ಗುತ್ತಿಗೆಯವರಿಗೆ ಸಮ ಸಂಬಳ, ತರಗತಿಗಳನ್ನು ಬೇರೆ ಮಾಡುವುದು, ಎರಡನ್ನೂ ಮುಂದೆ ನೋಡೋಣ ಎಂದಿತ್ತು. ಅಷ್ಟಕ್ಕೇ ಮುಗಿಯಬೇಕಿತ್ತು, ಆದರೆ ಸಭೆಯಲ್ಲಿ ಮಾತಾಡಿದ ಗುತ್ತಿಗೆಯವರನ್ನು ತೆಗೆಯುವುದಿಲ್ಲ ಎಂದು ಹೇಳಿ ಎಂದು ಸಂಘ ಕೇಳಿದಾಗ ಸಮಿತಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಹೆಚ್ಚಿನ ಎರಡು ದಿನ ಬೀಗ ಬಿದ್ದದ್ದು ಅದೊಂದಕ್ಕೆ. ಖಾಯಂ ಟೀಚರುಗಳಲ್ಲಿ ಕೆಲವರು ಗೊಣಗಿದರಂತೆ, ನಮ್ಮ ಸಂಬಳ ಇನ್ನೂ ಯಾಕೆ ಕತ್ತರಿಸಿಕೊಳ್ಳಬೇಕು ಎಂದು. ಗೊಣಗಿದವರೂ ಕೆಲಸಕ್ಕೆ ಹೋಗಲಿಲ್ಲವಂತೆ. ಕೊನೆಗೆ ಅಧ್ಯಕ್ಷರು ಒಪ್ಪಿದರು. ಮಗಳ ಕೆಲಸ ಮುಂದಿನ ವರ್ಷಕ್ಕೂ ಉಳಿಯಿತು. ಅದರಾಚೆಯ ವರ್ಷದ ಮಾತು ಯಾರೂ ಕೊಟ್ಟಿಲ್ಲ.

ಮಗಳು ಇದನ್ನು ಮನೆಯಲ್ಲಿ ಹೇಳಿರಲಿಲ್ಲ.

ಇತ್ತ ಶಾಲಾ ವಾರ್ಷಿಕೋತ್ಸವಕ್ಕೆ ಸಮಿತಿಯವರು ಪಕ್ಕದ ಊರಿನಿಂದ ಮೈಕಿನವರನ್ನು ಕರೆಸಿದರು. ಪ್ರತಿ ವರ್ಷ ಗೊತ್ತಾಗಿದ್ದ ಬಾಡಿಗೆ, ಹೋಯಿತು. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೈಕಮ್ಮನಿಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಗಿ, ಉತ್ಸವ ನೋಡಿ ಬಂದ ಟೈಲರನನ್ನು ನಿಲ್ಲಿಸಿ, ಸೌಂಡ್ ಹೇಗಿತ್ತು, ಹಿಂದಿನವರಿಗೆ ಕೇಳಿಸಿತಾ ಎಂದು ಕೇಳಿದಳು. ಕಿವಿಗಡಚಿಕ್ಕಿತು, ಒಂದಕ್ಷರ ಅರ್ಥವಾಗಲಿಲ್ಲ ಎಂದ ಅವನು. ಅಂದು ರಾತ್ರಿ ಊಟ ಅವಳಿಗೆ ಸ್ವಲ್ಪ ಹೆಚ್ಚು ರುಚಿಸಿತು.

ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ಒಂದೇ ಸಂಗತಿ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ದೊಡ್ಡ ಟೀಚರ್ ಅಂದು ಅಂಗಡಿಯಿಂದ ಏಳುವಾಗ, ನಿಮ್ಮ ಮಗಳು ಪಾಠ ಮಾಡೋದನ್ನ ಒಂದು ಸಲ ಬಂದು ಕೇಳಿ ಎಂದಿದ್ದಳು. ಸುಮ್ಮನೆ ಮಾತಿಗೆ ಹೇಳಿದಳೋ ನಿಜಕ್ಕೂ ಹೇಳಿದಳೋ ಎಂದು ಮೈಕಮ್ಮ ಕೆಲವು ದಿನ ಕಳೆದಳು. ಆಮೇಲೆ ಒಂದು ಬೆಳಿಗ್ಗೆ ಅಂಗಡಿಯನ್ನು ಗಂಡನ ಕೈಗೆ ಒಪ್ಪಿಸಿ, ಒಗೆದ ಸೀರೆಯುಟ್ಟು, ಮಗಳಿಗೆ ಹೇಳದೆ ಶಾಲೆಗೆ ಹೋದಳು. ಇದುವರೆಗೆ ಅವಳು ಕಂಡಿದ್ದು ಶಾಲೆಯ ಅಂಗಳವನ್ನು ಮಾತ್ರ, ಹಾರ್ನು ಕಟ್ಟುವುದಕ್ಕೆ. ಜಗಲಿ ಹತ್ತಿ ಕೋಣೆಗಳನ್ನು ಒಂದೊಂದಾಗಿ ದಾಟುತ್ತ, ಮಗಳ ದನಿ ಬಂದ ಬಾಗಿಲಿನಲ್ಲಿ ನಿಂತಳು.

ಕೋಣೆ ತುಂಬ ಮಕ್ಕಳು, ಬೆಂಚಿಗೊಂದು ಸಾಲು ಒತ್ತಿಕೊಂಡು ಕೂತಿದ್ದವು. ಮಗಳು ಹಲಗೆಯ ಹತ್ತಿರ ಸೀಮೆಸುಣ್ಣ ಹಿಡಿದು ಏನೋ ಕೇಳುತ್ತಿದ್ದವಳು, ತಾಯಿಯನ್ನು ಕಂಡು ಅರ್ಧಕ್ಕೆ ನಿಂತಳು. ಮಕ್ಕಳೆಲ್ಲ ಎದ್ದು ನಮಸ್ಕಾರ ಎಂದು ರಾಗವಾಗಿ ಕೂಗಿದವು. ಮೈಕಮ್ಮ ಗಡಿಬಿಡಿಯಲ್ಲಿ ಕೈ ಮುಗಿದಳು.

"ಏನಮ್ಮ?" ಎಂದಳು ಮಗಳು.

"ಏನಿಲ್ಲ. ಕೇಳೋಣ ಅಂತ."

ಮಗಳು ಹಲಗೆ ನೋಡಿದಳು, ತಾಯಿಯನ್ನು ನೋಡಿದಳು, ಕಿಟಕಿ ನೋಡಿದಳು. ಆಮೇಲೆ ಹಿಂದಿನ ಬೆಂಚಿನ ಕಡೆ ಗದ್ದದಿಂದ ತೋರಿಸಿದಳು. ಅಲ್ಲಿ ತುದಿಯಲ್ಲಿ ಕೂತಿದ್ದ ಹುಡುಗಿಯೊಂದು ಪಕ್ಕದವರನ್ನು ಮೊಣಕೈಯಿಂದ ತಳ್ಳಿ, ತಾನೂ ಸರಿದು, ಒಂದು ಗೇಣಿನಷ್ಟು ಜಾಗ ಮಾಡಿತು. ಮೈಕಮ್ಮ ಸೀರೆ ಒತ್ತರಿಸಿಕೊಂಡು ಅಷ್ಟರಲ್ಲೇ ಕೂತಳು.